ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಅಧಿಕಾರದ ಎಲ್ಲೆ: ಉಳ್ಳಾಲ ತಾಲ್ಲೂಕಿನ ನಾಗರಿಕರಿಗೆ ಮಾಹಿತಿ

ಸಾರ್ವಜನಿಕರ ಮಾಹಿತಿಗಾಗಿ

ಸರ್ಕಾರಿ ಕಚೇರಿಗೆ ಸಲ್ಲಿಸಿದ ಅರ್ಜಿಯು "ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹದೊಂದಿಗೆ ಮರಳಿದಾಗ ಅರ್ಜಿದಾರರಿಗೆ ಬೇಸರವಾಗುವುದು ಸಹಜ. ಹಲವು ಸಂದರ್ಭಗಳಲ್ಲಿ ಹಿಂಬರಹವು ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತದೆ. ಆದರೆ ವ್ಯಾಪ್ತಿ ಯಾರದೆಂಬುದನ್ನು ಅದು ತಿಳಿಸುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಂತರರಾಜ್ಯ ಗಡಿ, ನಡುವೆ ರಾಷ್ಟ್ರೀಯ ಹೆದ್ದಾರಿ ಇರುವ ಉಳ್ಳಾಲ ತಾಲ್ಲೂಕಿನಲ್ಲಿ ಈ ಪ್ರಶ್ನೆಯು ಇತರೆಡೆಗಿಂತ ಹೆಚ್ಚಾಗಿ ಎದುರಾಗುತ್ತದೆ. ಭಾರತ ಸಂವಿಧಾನವು ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರವನ್ನು ಹೇಗೆ ಹಂಚಿದೆ, ಎರಡಕ್ಕೂ ಯಾವ ಮಿತಿಗಳನ್ನು ವಿಧಿಸಿದೆ, ಅದರಿಂದ ಇಲ್ಲಿನ ಅರ್ಜಿದಾರರಿಗೆ ಆಗುವ ಪರಿಣಾಮವೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಸಾರ್ವಭೌಮತ್ವ ಯಾರದು?

ಉಳ್ಳಾಲದವರಿಗೆ ಸಾರ್ವಭೌಮತ್ವ ಎಂಬ ಪದ ಕೇಳಿದೊಡನೆ ನೆನಪಾಗುವವರು 16ನೇ ಶತಮಾನದ ಚೌಟ ರಾಣಿ ಅಬ್ಬಕ್ಕ. ಪೋರ್ಚುಗೀಸರಿಗೆ ಕಪ್ಪ ಸಲ್ಲಿಸಲು ಒಪ್ಪದೆ ಹೋರಾಡಿದ ಆ ಸಂಸ್ಥಾನವು ತನ್ನ ಮೇಲೆ ಇನ್ನೊಬ್ಬರ ಆಜ್ಞೆಯನ್ನು ಒಪ್ಪಲಿಲ್ಲ. ಆ ಅರ್ಥದ ಸಾರ್ವಭೌಮತ್ವವು ಇಂದು ಭಾರತದ ಯಾವ ರಾಜ್ಯಕ್ಕೂ ಇಲ್ಲ. ಸಂವಿಧಾನದ ಪ್ರಸ್ತಾವನೆಯು ಸಾರ್ವಭೌಮ ಎಂದು ಕರೆದಿರುವುದು ಭಾರತವನ್ನು. 1ನೇ ಅನುಚ್ಛೇದವು ಭಾರತವನ್ನು ರಾಜ್ಯಗಳ ಒಕ್ಕೂಟ ಎಂದು ಕರೆಯುತ್ತದೆ.

ಕಲ್ಲಿದ್ದಲು ಇರುವ ಭೂಮಿಯನ್ನು ಕೇಂದ್ರವು ಸ್ವಾಧೀನಪಡಿಸಿಕೊಳ್ಳಬಹುದೇ ಎಂಬ ವಿವಾದದಲ್ಲಿ ಪಶ್ಚಿಮ ಬಂಗಾಳ ರಾಜ್ಯವು ತಾನೂ ಸಾರ್ವಭೌಮವೆಂದು ವಾದಿಸಿತ್ತು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದ ತೀರ್ಪಿನಿಂದ ಆ ವಾದವನ್ನು ತಳ್ಳಿಹಾಕಿತು.

ಇದರಿಂದ ಕೇಂದ್ರ ಸರ್ಕಾರವು ರಾಜ್ಯಗಳ ಯಜಮಾನ ಎಂದು ತಿಳಿಯುವುದು ಅಷ್ಟೇ ದೊಡ್ಡ ತಪ್ಪಾಗುತ್ತದೆ. ಕೇಂದ್ರಕ್ಕಿರುವ ಅಧಿಕಾರವೂ ಸಂವಿಧಾನದಿಂದಲೇ ಬಂದಿದೆ, ಸಂವಿಧಾನದ ಮಿತಿಯಲ್ಲೇ ಇದೆ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66 ಮತ್ತು ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. ಆ ಬಳಿಕ ಹಲವು ತಿದ್ದುಪಡಿಗಳಾಗಿವೆ. ರೈಲ್ವೆ, ರಾಷ್ಟ್ರೀಯ ಹೆದ್ದಾರಿ, ಪಾಸ್‌ಪೋರ್ಟ್, ಪೌರತ್ವ ಕೇಂದ್ರದವು. ಭೂಮಿ, ಪೊಲೀಸ್, ಸಾರ್ವಜನಿಕ ಆರೋಗ್ಯ, ಸ್ಥಳೀಯ ಸಂಸ್ಥೆಗಳು ರಾಜ್ಯದವು. ಶಿಕ್ಷಣ, ಅರಣ್ಯ, ದಸ್ತಾವೇಜುಗಳ ನೋಂದಣಿ, ಜನನ ಮರಣ ನೋಂದಣಿ, ಮೋಟಾರು ವಾಹನ ಮುಂತಾದವು ಸಮವರ್ತಿ ಪಟ್ಟಿಯಲ್ಲಿದ್ದು, ಇವುಗಳ ಬಗ್ಗೆ ಇಬ್ಬರೂ ಕಾನೂನು ರಚಿಸಬಹುದು. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯಗಳು ಸಂಸತ್ತಿಗೆ ಸೇರುತ್ತವೆ.

ಗಡಿಯ ರೇಖೆಯೇ ಸಂಸತ್ತಿನ ಕಾನೂನು

ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳ ಆರಂಭವಾಗುತ್ತದೆ. ಈ ಗಡಿಯು ಪುರಾತನವಾದುದಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ತಲಪಾಡಿಯ ಎರಡೂ ಬದಿಯವರಿಗೆ ಜಿಲ್ಲಾ ಕಚೇರಿ ಮಂಗಳೂರೇ ಆಗಿತ್ತು. ರಾಜ್ಯ ಪುನರ್ವಿಂಗಡಣಾ ಅಧಿನಿಯಮ, 1956ರ ಅನ್ವಯ ಕಾಸರಗೋಡು ಕೇರಳಕ್ಕೂ ಉಳಿದ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೂ ಸೇರಿದವು. ಬಳಿಕ ನೇಮಕವಾದ ಮಹಾಜನ್ ಆಯೋಗವು 1967ರಲ್ಲಿ ಸಲ್ಲಿಸಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಜಾರಿಗೆ ಬರಲಿಲ್ಲ.

ಸಂವಿಧಾನದ 3ನೇ ಅನುಚ್ಛೇದದ ಪ್ರಕಾರ ರಾಜ್ಯದ ಗಡಿ, ವಿಸ್ತೀರ್ಣ, ಹೆಸರು ಇವುಗಳನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಸಂಬಂಧಿಸಿದ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಿಗೆ ಪಡೆಯಬೇಕಾಗಿಲ್ಲ. ರಾಜ್ಯದ ಅಧಿಕಾರ ಅತ್ಯಂತ ದುರ್ಬಲವಾಗಿರುವ ಸ್ಥಳ ಇದೇ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ರಾಜ್ಯದ ಗಡಿಯನ್ನು ಅದರ ಶಾಸನಸಭೆಯ ಒಪ್ಪಿಗೆಯಿಲ್ಲದೆ ಬದಲಿಸಲಾಗದು. ಭಾರತದಲ್ಲಿ ಅಂತಹ ರಕ್ಷಣೆ ಇಲ್ಲ.

ತಲಪಾಡಿ, 2020

ಅಧಿಕಾರದ ಎಲ್ಲೆ ಎಂಬುದು ಪುಸ್ತಕದ ಮಾತಲ್ಲವೆಂದು ಈ ತಾಲ್ಲೂಕು ಕಂಡದ್ದು 2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ. ಕೋವಿಡ್-19 ಹರಡುತ್ತಿದ್ದಾಗ, ಕಾಸರಗೋಡು ಜಿಲ್ಲೆಯಲ್ಲಿ ಸೋಂಕಿನ ಪ್ರಕರಣಗಳು ಹೆಚ್ಚಾಗಿದ್ದ ಕಾರಣ ಕರ್ನಾಟಕವು ಗಡಿಯನ್ನು ಮುಚ್ಚಿತು. ತಲಪಾಡಿಯ ಹೆದ್ದಾರಿಯಲ್ಲಿ ವಾಹನಗಳನ್ನು ತಡೆಯಲಾಯಿತು. ಒಳರಸ್ತೆಗಳ ಮೇಲೆ ಹಲವೆಡೆ ಮಣ್ಣು ಸುರಿಯಲಾಯಿತು. ಮಂಜೇಶ್ವರ, ಕಾಸರಗೋಡು ಭಾಗದ ಜನರು ಹೆರಿಗೆ, ಹೃದ್ರೋಗ, ಡಯಾಲಿಸಿಸ್ ಮುಂತಾದ ಚಿಕಿತ್ಸೆಗೆ ತಲೆಮಾರುಗಳಿಂದ ಅವಲಂಬಿಸಿದ್ದುದು ಮಂಗಳೂರು ನಗರದ ಹಾಗೂ ದೇರಳಕಟ್ಟೆಯ ಆಸ್ಪತ್ರೆಗಳನ್ನು. ಆಂಬುಲೆನ್ಸ್‌ಗಳು ಗಡಿಯಿಂದ ಹಿಂದಿರುಗಿದವು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ರೋಗಿಗಳು ಮೃತಪಟ್ಟರೆಂಬ ವರದಿಗಳು ಬಂದವು. ಆಸ್ಪತ್ರೆಯು ಕೆಲವೇ ಕಿಲೋಮೀಟರ್ ದೂರದಲ್ಲಿತ್ತು.

ಕಾನೂನಿನ ಪ್ರಶ್ನೆ ಸರಳವಾಗಿರಲಿಲ್ಲ. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೇ ನಮೂದು. ತನ್ನ ಜನರನ್ನು ಸೋಂಕಿನಿಂದ ಕಾಪಾಡುವುದು ತನ್ನ ಕರ್ತವ್ಯವೆಂದು ಕರ್ನಾಟಕವು ಹೇಳಿದ್ದು ಈ ಆಧಾರದ ಮೇಲೆ ನಿಲ್ಲುವ ಮಾತು. ಆದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಂಕ್ರಾಮಿಕ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನ್ ಕೇಂದ್ರ ಪಟ್ಟಿಯ 81ನೇ ನಮೂದು. ರಾಷ್ಟ್ರೀಯ ಹೆದ್ದಾರಿ ಅದೇ ಪಟ್ಟಿಯ 23ನೇ ನಮೂದು. ತಲಪಾಡಿಯಲ್ಲಿ ಹಾದುಹೋಗುವ ರಸ್ತೆಯು ಹಿಂದೆ 17 ಎಂಬ ಸಂಖ್ಯೆ ಹೊಂದಿದ್ದ, ಈಗಿನ ರಾಷ್ಟ್ರೀಯ ಹೆದ್ದಾರಿ 66. ಅಂದರೆ ಪೊಲೀಸ್ ತಡೆಗೋಡೆ ನಿಂತಿದ್ದ ಅದೇ ಜಾಗದಲ್ಲಿ ಮೂರೂ ಪಟ್ಟಿಗಳು ಸಂಧಿಸಿದ್ದವು. ಇವೆಲ್ಲದರ ಮೇಲೆ ನಾಗರಿಕರ ಮೂಲಭೂತ ಹಕ್ಕುಗಳಿದ್ದವು: ದೇಶದಾದ್ಯಂತ ಸಂಚರಿಸುವ ಹಕ್ಕು (19ನೇ ಅನುಚ್ಛೇದ) ಮತ್ತು ಜೀವದ ಹಕ್ಕು (21ನೇ ಅನುಚ್ಛೇದ).

2020ರ ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು, ತುರ್ತು ಚಿಕಿತ್ಸೆಗೆ ಹೊರಟವರನ್ನು ತಡೆಯುವುದು ಈ ಹಕ್ಕುಗಳ ಉಲ್ಲಂಘನೆಯೆಂದು ಹೇಳಿತು. ಆದರೆ ತನ್ನ ಪ್ರಾದೇಶಿಕ ವ್ಯಾಪ್ತಿಯ ಹೊರಗಿರುವ ಕರ್ನಾಟಕ ಸರ್ಕಾರಕ್ಕೆ ನೇರ ಆದೇಶ ನೀಡುವುದರಿಂದ ಅದು ಹಿಂದೆ ಸರಿಯಿತು. ಬದಲಾಗಿ, ರಾಷ್ಟ್ರೀಯ ಹೆದ್ದಾರಿಗಳ ಹೊಣೆ ಹೊತ್ತಿರುವ ಕೇಂದ್ರ ಸರ್ಕಾರವು ಕೂಡಲೇ ಮಧ್ಯಪ್ರವೇಶಿಸಿ, ತುರ್ತು ಚಿಕಿತ್ಸೆಗೆ ತೆರಳುವ ವಾಹನಗಳಿಗಾಗಿ ಹೆದ್ದಾರಿಯ ಮೇಲಿನ ತಡೆಗಳನ್ನು ತೆರವುಗೊಳಿಸಬೇಕೆಂದು ನಿರ್ದೇಶಿಸಿತು. ನ್ಯಾಯಾಲಯವೂ ತನ್ನ ಎಲ್ಲೆಯನ್ನು ನೋಡಿಕೊಂಡೇ ಮಾತಾಡಿದ ಈ ಕ್ರಮವು ಗಮನಾರ್ಹ.

ಕರ್ನಾಟಕವು ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಏಪ್ರಿಲ್ 3ರಂದು ನ್ಯಾಯಾಲಯವು ಕೇಂದ್ರ ಆರೋಗ್ಯ ಕಾರ್ಯದರ್ಶಿಗಳು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಸಭೆ ನಡೆಸಿ ರೋಗಿಗಳ ಸಂಚಾರಕ್ಕೆ ಮಾನದಂಡ ರೂಪಿಸುವಂತೆ ಸೂಚಿಸಿತು. ಏಪ್ರಿಲ್ 7ರಂದು, ತಲಪಾಡಿಯ ಮೂಲಕ ರೋಗಿಗಳನ್ನು ಬಿಡುವ ಕಾರ್ಯವಿಧಾನಕ್ಕೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಕೇಂದ್ರವು ತಿಳಿಸಿದ ಮೇಲೆ ಪ್ರಕರಣ ಮುಕ್ತಾಯವಾಯಿತು. ರಾಜ್ಯವೊಂದು ತನ್ನ ಗಡಿಯನ್ನು ಎಷ್ಟರಮಟ್ಟಿಗೆ ಮುಚ್ಚಬಹುದೆಂಬ ಮೂಲ ಪ್ರಶ್ನೆಗೆ ಆ ಪ್ರಕರಣದಲ್ಲಿ ಅಂತಿಮ ಉತ್ತರ ದೊರೆಯಲಿಲ್ಲ. ಮರುವರ್ಷ, 2021ರಲ್ಲಿ, ಕೇರಳದಿಂದ ಬರುವವರಿಗೆ ಕರ್ನಾಟಕವು ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನು ಕಡ್ಡಾಯಗೊಳಿಸಿದಾಗ ಅದೇ ಪ್ರಶ್ನೆ ಅದೇ ತಲಪಾಡಿಯಲ್ಲಿ ಪುನಃ ಎದ್ದಿತು. ದಿನನಿತ್ಯ ಗಡಿ ದಾಟುವ ವಿದ್ಯಾರ್ಥಿಗಳೂ ಕಾರ್ಮಿಕರೂ ಅದರ ಭಾರ ಹೊತ್ತರು.

ಕೇಂದ್ರಕ್ಕಿರುವ ಮಿತಿ

ಕರ್ನಾಟಕವು ಕೇಂದ್ರದ ಅಧಿಕಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಒಮ್ಮೆ ಸೋತಿದೆ. 1977ರಲ್ಲಿ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತು. ಇದು ರಾಜ್ಯದ ಅಧಿಕಾರಕ್ಕೆ ಧಕ್ಕೆಯೆಂದು ರಾಜ್ಯವು 131ನೇ ಅನುಚ್ಛೇದದಡಿ ಹೂಡಿದ ದಾವೆಯನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ವಜಾಗೊಳಿಸಿತು.

ಎರಡನೆಯ ಪ್ರಕರಣದ ಫಲ ಬೇರೆ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ, 356ನೇ ಅನುಚ್ಛೇದದಡಿ ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ನೀಡಿತು. ಬಹುಮತವಿದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದ ಸ್ಥಳ ರಾಜಭವನವಲ್ಲ, ಸದನ ಎಂದೂ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದೂ, ಒಕ್ಕೂಟ ಸ್ವರೂಪವು ಸಂವಿಧಾನದ ಮೂಲ ರಚನೆಗೆ ಸೇರಿದ್ದೆಂದೂ ಅದು ಹೇಳಿತು. ಕರ್ನಾಟಕದ ಮೇಲಿನ ಘೋಷಣೆಯು ಅಸಂವಿಧಾನಿಕವೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಐದು ವರ್ಷ ಕಳೆದು ರಾಜ್ಯದಲ್ಲಿ ಚುನಾವಣೆಯೂ ಮುಗಿದುಹೋಗಿತ್ತು. ಬೊಮ್ಮಾಯಿ ಅವರ ಸರ್ಕಾರಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ, ಅನಂತರದ ರಾಜ್ಯ ಸರ್ಕಾರಗಳಿಗೆ ಆಯಿತು.

ದೈನಂದಿನ ಆಡಳಿತದಲ್ಲೂ ಮಿತಿಗಳಿವೆ. ರಾಜ್ಯದ ಅಧಿಕಾರಿಗಳಿಗೆ ಕೇಂದ್ರದ ಕಾರ್ಯಾಂಗ ಕೆಲಸವನ್ನು 258ನೇ ಅನುಚ್ಛೇದದ ಮೊದಲ ಖಂಡದಡಿ ವಹಿಸಬೇಕಾದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಕೇಂದ್ರೀಯ ತನಿಖಾ ದಳವು ರಾಜ್ಯದೊಳಗೆ ತನಿಖೆ ನಡೆಸಲು ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಅಧಿನಿಯಮ, 1946ರ 6ನೇ ಪ್ರಕರಣದಂತೆ ರಾಜ್ಯದ ಸಮ್ಮತಿ ಬೇಕು. ಕರ್ನಾಟಕವು ಈ ಸಾಮಾನ್ಯ ಸಮ್ಮತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆಯಿತು. ಆದರೆ ಸಾಂವಿಧಾನಿಕ ನ್ಯಾಯಾಲಯಗಳು ತನಿಖೆಗೆ ಆದೇಶಿಸಿದಲ್ಲಿ ಈ ಸಮ್ಮತಿಯ ಅಗತ್ಯವಿರುವುದಿಲ್ಲ.

ಎರಡು ಕಾನೂನುಗಳು ಘರ್ಷಿಸಿದಾಗ: ಕಂಬಳದ ಉದಾಹರಣೆ

ಸಮವರ್ತಿ ವಿಷಯದಲ್ಲಿ ಕೇಂದ್ರ ಕಾನೂನಿಗೂ ರಾಜ್ಯ ಕಾನೂನಿಗೂ ವಿರೋಧ ಬಂದರೆ 254ನೇ ಅನುಚ್ಛೇದದಂತೆ ಕೇಂದ್ರ ಕಾನೂನು ಮೇಲುಗೈ ಪಡೆಯುತ್ತದೆ. ಆದರೆ ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತಲ್ಲಿ ಆ ರಾಜ್ಯದ ಮಟ್ಟಿಗೆ ರಾಜ್ಯ ಕಾನೂನು ಊರ್ಜಿತವಾಗುತ್ತದೆ. ಇದಕ್ಕೆ ಕರಾವಳಿಯವರಿಗೆ ಹೊಸದಾಗಿ ಉದಾಹರಣೆ ಹುಡುಕಬೇಕಾಗಿಲ್ಲ. ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960 ಕೇಂದ್ರದ ಕಾನೂನು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನು ನಿಷೇಧಿಸಿದ ಬಳಿಕ ಕಂಬಳಕ್ಕೂ ಅಡ್ಡಿಯುಂಟಾಯಿತು. ರಾಜ್ಯವು ಸದರಿ ಕಾನೂನಿಗೆ 2017ರ ತಿದ್ದುಪಡಿ ಅಧಿನಿಯಮವನ್ನು ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಕೋಣಗಳು ಪುನಃ ಕರೆಗೆ ಇಳಿದದ್ದರ ಹಿಂದೆ 254ನೇ ಅನುಚ್ಛೇದದ ಎರಡನೆಯ ಖಂಡವಿದೆ.

ಸಮುದ್ರದಲ್ಲಿ ಎಲ್ಲೆ

ಉಳ್ಳಾಲದ ಮೀನುಗಾರರ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಎಲ್ಲೆ ನೀರಿನ ಮೇಲಿದೆ. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನದು ಪ್ರಾದೇಶಿಕ ಜಲ. ಅದರೊಳಗಿನ ಮೀನುಗಾರಿಕೆ ರಾಜ್ಯದ ವಿಷಯ. ಇಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986 ಅನ್ವಯಿಸುತ್ತದೆ. ಅದರಾಚೆಗೆ 200 ನಾಟಿಕಲ್ ಮೈಲುಗಳವರೆಗಿನ ಮೀನುಗಾರಿಕೆ ಕೇಂದ್ರದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧವನ್ನು ಒಳಭಾಗಕ್ಕೆ ರಾಜ್ಯವೂ ಹೊರಭಾಗಕ್ಕೆ ಕೇಂದ್ರವೂ ಆದೇಶಿಸುತ್ತವೆ. ನೀರಿನೊಳಗಿನ ಮೀನು ರಾಜ್ಯದ ವಿಷಯವಾದರೂ ಅದೇ ನೀರಿನ ಕೆಳಗಿನ ಭೂಮಿ ಮತ್ತು ಖನಿಜಗಳು 297ನೇ ಅನುಚ್ಛೇದದಂತೆ ಕೇಂದ್ರದಲ್ಲಿ ನಿಹಿತವಾಗಿವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

2022ರ ಜೂನ್‌ನಲ್ಲಿ ಉಳ್ಳಾಲ ಸಮೀಪದ ಸಮುದ್ರದಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಮುಳುಗಿದಾಗ ಅದರಲ್ಲಿದ್ದ 15 ಮಂದಿ ಸಿರಿಯಾ ದೇಶದ ಸಿಬ್ಬಂದಿಯನ್ನು ರಕ್ಷಿಸಿದ್ದು ಭಾರತೀಯ ಕರಾವಳಿ ರಕ್ಷಣಾ ಪಡೆ. ಹಡಗು ಮತ್ತು ನೌಕಾಯಾನ ಕೇಂದ್ರದ ವಿಷಯ. ತೈಲ ಸೋರಿದರೆ ದಡದಲ್ಲಿ ಎದುರಿಸಬೇಕಾದದ್ದು ಜಿಲ್ಲಾಡಳಿತ.

ಕಡಲ್ಕೊರೆತವಿರುವ ದಡದಲ್ಲಿ ಮನೆ ಕಟ್ಟುವವರಿಗೆ ಇನ್ನೊಂದು ಪದರವಿದೆ. ಭೂಮಿ ರಾಜ್ಯದ ವಿಷಯವಾಗಿದ್ದರೂ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕೇಂದ್ರದ ಪರಿಸರ (ಸಂರಕ್ಷಣೆ) ಅಧಿನಿಯಮ, 1986ರಡಿ ಹೊರಟದ್ದು. ಆದಕಾರಣ ಪಹಣಿ, ಭೂಪರಿವರ್ತನೆ ಎಲ್ಲವೂ ಸರಿಯಿದ್ದರೂ ಕಟ್ಟಡ ಪರವಾನಗಿಗೆ ಮುನ್ನ ವಲಯದ ಪರಿಶೀಲನೆ ಆಗಲೇಬೇಕು. ಸ್ಥಳೀಯ ಸಂಸ್ಥೆಗೆ ಇದನ್ನು ಮನ್ನಾ ಮಾಡುವ ಅಧಿಕಾರವಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಒಂದೇ ಸೇವೆಯಲ್ಲಿ ಎರಡು ಸರ್ಕಾರಗಳು ಭಾಗಿಯಾಗುವುದು ಸಾಮಾನ್ಯ. ಪಾಸ್‌ಪೋರ್ಟ್ ನೀಡುವುದು ಕೇಂದ್ರ, ಆದರೆ ಪರಿಶೀಲನಾ ವರದಿ ನೀಡುವುದು ರಾಜ್ಯದ ಪೊಲೀಸ್. ವಿಳಂಬವು ಪೊಲೀಸ್ ವರದಿಯಲ್ಲಿದ್ದರೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಲೆದು ಪ್ರಯೋಜನವಿಲ್ಲ. ಮನೆಯ ಕ್ರಯಪತ್ರದ ಮುದ್ರಾಂಕ ಶುಲ್ಕವು ರಾಜ್ಯದ ಖಾತೆಗೆ ಜಮೆಯಾಗುತ್ತದೆ. ಅದೇ ಆಸ್ತಿಯ ಮೌಲ್ಯ 50 ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದಲ್ಲಿ ಖರೀದಿದಾರರು ನಿವಾಸಿ ಮಾರಾಟಗಾರರಿಗೆ ಕೊಡುವ ಹಣದಿಂದ ಶೇ. 1ರಷ್ಟನ್ನು ಮುರಿದುಕೊಂಡು ಕೇಂದ್ರದ ಆದಾಯ ತೆರಿಗೆ ಇಲಾಖೆಗೆ ಪಾವತಿಸಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿದ ಮಾತ್ರಕ್ಕೆ ಎರಡನೆಯ ಹೊಣೆ ತೀರಿದಂತಾಗುವುದಿಲ್ಲ.

ಗಡಿಯಾಚೆಯಿಂದ ಬಂದು ಉಳ್ಳಾಲದಲ್ಲಿ ನೆಲೆಸಿದ ಕುಟುಂಬಗಳು ಜಾತಿ ಪ್ರಮಾಣಪತ್ರದ ವಿಷಯದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಭಾರತದಲ್ಲಿ ಪೌರತ್ವ ಒಂದೇ, ಕರ್ನಾಟಕದ ಪೌರತ್ವ ಅಥವಾ ಕೇರಳದ ಪೌರತ್ವ ಎಂಬುದಿಲ್ಲ. ಆದರೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಪಟ್ಟಿಗಳು 341 ಮತ್ತು 342ನೇ ಅನುಚ್ಛೇದಗಳಂತೆ ರಾಜ್ಯವಾರು ಇವೆ. ವಲಸೆ ಬಂದವರು ಮೂಲ ರಾಜ್ಯದ ಸ್ಥಾನಮಾನವನ್ನು ಹೊಸ ರಾಜ್ಯದ ಮೀಸಲಾತಿಗೆ ತರಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1990ರಲ್ಲಿ ತೀರ್ಪು ನೀಡಿದೆ. ಅದೇ ಹೆಸರಿನ ಸಮುದಾಯವು ಎರಡೂ ಪಟ್ಟಿಗಳಲ್ಲಿದ್ದರೂ ಈ ನಿಯಮ ಅನ್ವಯಿಸುತ್ತದೆ. ತಲಪಾಡಿಯಿಂದ ಕೂಗಳತೆಯ ದೂರದಲ್ಲಿ ಹುಟ್ಟಿದವರಿಗೆ ಇದು ಕಠಿಣವೆನಿಸುವುದು ನಿಜ. ತಹಸೀಲ್ದಾರರಿಗೆ ಇದನ್ನು ಸಡಿಲಿಸುವ ಅಧಿಕಾರವಿಲ್ಲ, ರಾಜ್ಯ ಸರ್ಕಾರಕ್ಕೂ ಇಲ್ಲ. ಇನ್ನೊಂದು ಕಡೆ, ಕಾಸರಗೋಡು, ಹೊಸದುರ್ಗ ಮತ್ತು ಮಂಜೇಶ್ವರ ತಾಲ್ಲೂಕುಗಳ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗ ಎಂಬ ನೆಲೆಯಲ್ಲಿ ಅವಕಾಶ ನೀಡುವುದು ರಾಜ್ಯದ ಅಧಿಕಾರದಲ್ಲಿದ್ದು, ಕರ್ನಾಟಕವು ಅದನ್ನು ನೀಡಿದೆ. ಪ್ರತಿ ವರ್ಷದ ಪ್ರವೇಶ ಕೈಪಿಡಿಯಲ್ಲಿ ಷರತ್ತುಗಳನ್ನು ನೋಡಿಕೊಳ್ಳತಕ್ಕದ್ದು.

ಸಕಾಲ ಎಂದು ಪರಿಚಿತವಾಗಿರುವ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ರಾಜ್ಯದ ಕಾನೂನು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೇಳುವ ಹಕ್ಕು ಇದರಲ್ಲಿದೆ. ಅಂಚೆ, ರೈಲ್ವೆ, ಪಾಸ್‌ಪೋರ್ಟ್, ಭವಿಷ್ಯ ನಿಧಿ ಮೊದಲಾದ ಕೇಂದ್ರ ಕಚೇರಿಗಳಿಗೆ ಇದು ಅನ್ವಯಿಸುವುದಿಲ್ಲ.

ವಿಷಯ ಯಾರ ವ್ಯಾಪ್ತಿಗೆ ಸೇರಿದ್ದೆಂದು ತಿಳಿಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಮಾಹಿತಿಯು ಬೇರೆ ಪ್ರಾಧಿಕಾರದ ಬಳಿ ಇದ್ದರೆ ಅರ್ಜಿಯನ್ನು ತಿರಸ್ಕರಿಸದೆ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕೆಂದು 6ನೇ ಪ್ರಕರಣದ 3ನೇ ಉಪಪ್ರಕರಣವು ಹೇಳುತ್ತದೆ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕು. ಮೊದಲ ಮೇಲ್ಮನವಿಯನ್ನು 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಸಲ್ಲಿಸಬೇಕು. ಎರಡನೆಯ ಮೇಲ್ಮನವಿಗೆ 90 ದಿನಗಳಿವೆ. ರಾಜ್ಯದ ಕಚೇರಿಯಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ, ಕೇಂದ್ರದ ಕಚೇರಿಯಾದರೆ ನವದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಸಲ್ಲಿಸತಕ್ಕದ್ದು. ಒಂದರ ಮೇಲ್ಮನವಿಯನ್ನು ಇನ್ನೊಂದಕ್ಕೆ ಕಳುಹಿಸಿದಲ್ಲಿ ಅವಧಿ ಮೀರುವ ಸಂಭವವಿರುವುದರಿಂದ, ಲಕೋಟೆಯ ಮೇಲೆ ವಿಳಾಸ ಬರೆಯುವ ಮುನ್ನ ಉತ್ತರ ನೀಡಿದ ಕಚೇರಿಯು ಯಾವ ಸರ್ಕಾರಕ್ಕೆ ಸೇರಿದ್ದೆಂಬುದನ್ನು ಪತ್ರದ ತಲೆಬರಹದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.